ಓದುಗರ ಪ್ರಶ್ನೆ: ರ‍್ಯಾಪ್ ಹಾಡಿನ ಪ್ರೀತಿಗೆ ಬೆಲೆ ತೆರುವವರು ಯಾರು?

ಪ್ರಶ್ನೆ: ನಾನು ಮತ್ತು ನನ್ನ ಗೆಳತಿಯರು ಅಮೆರಿಕದ ರ‍್ಯಾಪ್ ಹಾಡುಗಳನ್ನು ಬಹಳ ಕೇಳುತ್ತೇವೆ. ಮಾದಕವಸ್ತು ಮಾರಿ ದೊಡ್ಡವನಾಗಲು ಹೊರಟ ನಾಯಕ, ಅವನ ಬಂದೂಕನ್ನು ಅಡಗಿಸಿಟ್ಟು ಪೊಲೀಸರ ಮುಂದೆ ಬಾಯಿ ಬಿಡದ ಹುಡುಗಿ, ಇವರ ಕಥೆ ಮತ್ತೆ ಮತ್ತೆ ಬರುತ್ತದೆ. ಇದಕ್ಕಿಂತ ದೊಡ್ಡ ಪ್ರೀತಿಯಿಲ್ಲ ಎಂದು ಗೆಳತಿಯರು ಹೇಳುತ್ತಾರೆ. ನನಗೆ ಹಾಡುಗಳು ಇಷ್ಟ, ಆದರೆ ಈ ಮಾತನ್ನು ಒಪ್ಪಲು ಮನಸ್ಸು ಹಿಂಜರಿಯುತ್ತದೆ. ತಮ್ಮ ಅಭಿಪ್ರಾಯವೇನು?
– ಪದವಿ ವಿದ್ಯಾರ್ಥಿನಿ, ಮಂಗಳೂರು

ಉತ್ತರ: ನಿಮ್ಮ ಹಿಂಜರಿಕೆಗೆ ಗಟ್ಟಿಯಾದ ಕಾರಣಗಳಿವೆ. ಆದರೂ ಮೊದಲು ಹಾಡುಗಳ ಪರವಾಗಿ ಹೇಳಬೇಕಾದುದನ್ನು ಹೇಳುತ್ತೇನೆ. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ಹುಟ್ಟಿದ, ರ‍್ಯಾಪ್ ಅನ್ನು ಒಳಗೊಂಡ ಹಿಪ್‌ಹಾಪ್ ಆರಂಭದಲ್ಲಿ ಕುಣಿತದ, ಸಂಭ್ರಮದ ಕಲೆಯಾಗಿತ್ತು. 1980ರ ದಶಕದ ನಡುವೆ ಕ್ರ್ಯಾಕ್ ಎಂಬ, ಹರಳಿನ ರೂಪದ ಸೇದುವ ಕೊಕೇನ್ ಬಡ ಕರಿಯರ ಕೇರಿಗಳನ್ನು ಹೊಕ್ಕಿತು; 1986ರ ಕಾನೂನು 5 ಗ್ರಾಂ ಕ್ರ್ಯಾಕ್ ಮಾರಿದವನಿಗೂ 500 ಗ್ರಾಂ ಪುಡಿ ಕೊಕೇನ್ ಮಾರಿದವನಿಗೂ ಒಂದೇ ಕನಿಷ್ಠ ಶಿಕ್ಷೆಯನ್ನು, ಅಂದರೆ 5 ವರ್ಷಗಳ ಸೆರೆವಾಸವನ್ನು, ಗೊತ್ತುಪಡಿಸಿತು. ಅಂಥ ಬೀದಿಯಲ್ಲಿ ಬೆಳೆದ ಹುಡುಗನಿಗೆ ಹಣದ ದಾರಿ ಅದೊಂದೇ ಎಂದು ತೋರಿದ್ದು, ಯಾವ ಸಂಗಡಿಗ ಯಾವಾಗ ಹಿಡಿದುಕೊಡುತ್ತಾನೋ ಎಂಬ ಭಯದ ನಡುವೆ ಒಬ್ಬಳನ್ನಾದರೂ ನಂಬಬೇಕೆಂದು ಅವನು ಹಂಬಲಿಸಿದ್ದು ಸುಳ್ಳಲ್ಲ. ಹಾಡಿನಲ್ಲಿ ನಮ್ಮನ್ನು ತಟ್ಟುವುದು ಆ ಹಂಬಲವೇ.

ಆದರೆ ಆ ಪ್ರೀತಿ ಹುಡುಗಿಯಿಂದ ಏನನ್ನು ಕೇಳುತ್ತದೆ ಎಂಬುದನ್ನು ನೋಡಿ. 1996ರಲ್ಲಿ ರ‍್ಯಾಪ್ ಗಾಯಕ ಟುಪಾಕ್ ಶಕೂರ್ ಹಾಡಿದ ‘ಮೀ ಆ್ಯಂಡ್ ಮೈ ಗರ್ಲ್‌ಫ್ರೆಂಡ್’ ಹಾಡಿನ ಗೆಳತಿ ಹೆಣ್ಣೇ ಅಲ್ಲ, ಬಂದೂಕು. 2002ರಲ್ಲಿ ರ‍್ಯಾಪ್ ಗಾಯಕ ಜೇ-ಝೀ ಮತ್ತು ಗಾಯಕಿ ಬಿಯಾನ್ಸೆ ಅದೇ ಹಾಡನ್ನು ಆಧರಿಸಿ ಗಂಡು ಹೆಣ್ಣಿನ ಪ್ರೇಮಗೀತೆಯೊಂದನ್ನು ಕಟ್ಟಿ, 1934ರಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ದರೋಡೆಕೋರ ಜೋಡಿ ಬಾನಿ ಮತ್ತು ಕ್ಲೈಡ್‌ರ ಹೆಸರನ್ನು ಅದಕ್ಕಿಟ್ಟರು. ಬಂದೂಕಿದ್ದ ಜಾಗಕ್ಕೆ ಹೆಣ್ಣು ಬಂದಳು; ಆದರೆ ಸದಾ ಕೈಯಳತೆಯಲ್ಲಿರಬೇಕು, ಏಕೆಂದು ಕೇಳಬಾರದು, ಬೇಕಾದಾಗ ಒದಗಬೇಕು ಎಂಬ ನಿರೀಕ್ಷೆ ಈ ಬಗೆಯ ಹಾಡುಗಳಲ್ಲಿ ಹೆಚ್ಚು ಬದಲಾಗಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಬದುಕಿನಲ್ಲಿ ಇದರ ಲೆಕ್ಕ ಕ್ರೂರವಾಗಿಯೇ ಚುಕ್ತಾ ಆಗಿದೆ. ಕೆಂಬಾ ಸ್ಮಿತ್ ಎಂಬ ಕಾಲೇಜು ವಿದ್ಯಾರ್ಥಿನಿ ಸ್ವತಃ ಮಾದಕವಸ್ತು ಮಾರಿರಲಿಲ್ಲ. ಆದರೂ ತನ್ನನ್ನು ಹೊಡೆಯುತ್ತಿದ್ದ ಗೆಳೆಯನ ಕೊಕೇನ್ ಜಾಲದಲ್ಲಿ ಸಿಲುಕಿದ ತಪ್ಪಿಗೆ ಆಕೆಗೆ 24 ವರ್ಷ 6 ತಿಂಗಳ ಶಿಕ್ಷೆಯಾಯಿತು. 2000ದ ಡಿಸೆಂಬರಿನಲ್ಲಿ ಅಧ್ಯಕ್ಷ ಕ್ಲಿಂಟನ್ ಅದನ್ನು ಮೊಟಕುಗೊಳಿಸಿದ ಮೇಲೆಯೇ ಬಿಡುಗಡೆ ಸಿಕ್ಕಿತು. ರ‍್ಯಾಪ್ ಗಾಯಕಿ ಲಿಲ್ ಕಿಮ್ ಗೆಳೆಯರನ್ನು ಉಳಿಸಲು ಪ್ರಮಾಣ ಮಾಡಿ ಸುಳ್ಳು ಹೇಳಿ 2005ರಲ್ಲಿ ಜೈಲು ಸೇರಿದರು. ಅವರ ವಿಚಾರಣೆಯಲ್ಲಿ ಅವರ ಹಳೆಯ ತಂಡದವರೇ ಎದುರು ಸಾಕ್ಷಿ ನುಡಿದಿದ್ದರು.

ನಮ್ಮ ಊರಿನಲ್ಲಿಯೂ ಇದು ದೂರದ ಮಾತಲ್ಲ. ಕಂಕನಾಡಿಯಲ್ಲಾಗಲಿ ಮಣಿಪಾಲದಲ್ಲಾಗಲಿ, ಗೆಳೆಯ ಕೊಟ್ಟ ಪೊಟ್ಟಣವನ್ನು ಗೊತ್ತಿದ್ದೂ ತನ್ನ ಪಿಜಿ ಕೋಣೆಯಲ್ಲಿ ಇಟ್ಟುಕೊಂಡವಳನ್ನು ಮಾದಕವಸ್ತುಗಳ ವಿರುದ್ಧದ 1985ರ ಎನ್‌ಡಿಪಿಎಸ್ ಕಾಯ್ದೆ ಪ್ರೇಮಿಯೆಂದು ನೋಡುವುದಿಲ್ಲ. ಕೋಣೆಯನ್ನೋ ವಾಹನವನ್ನೋ ತಿಳಿದೂ ಬಿಟ್ಟುಕೊಡುವುದು ಅದರ 25ನೇ ಕಲಮಿನಲ್ಲಿ ಪ್ರತ್ಯೇಕ ಅಪರಾಧ. ಎಂಡಿಎಂಎ ಎಂಬ ಮಾದಕವಸ್ತು 10 ಗ್ರಾಂ ದಾಟಿದರೆ ಕನಿಷ್ಠ ಶಿಕ್ಷೆಯೇ 10 ವರ್ಷ. ಪ್ರೀತಿಯ ಹೆಸರಿನಲ್ಲಿ ಎಲ್ಲವನ್ನೂ ಸಹಿಸದ ಹೆಣ್ಣಿನ ಹಾಡೂ ನಮ್ಮಲ್ಲಿದೆ. ಗಂಡ ಕಾಂತು ಪೂಂಜ ಸೂಳೆಯ ಮನೆಗೆ ಹೋಗಿ ಬಂದು ತಂದುಕೊಟ್ಟ ಬಯಕೆಯ ಸೀರೆಯನ್ನು ಒಲ್ಲೆನೆಂದು, ಕೊನೆಗೆ ಅವನನ್ನೇ ತೊರೆದ ಸಿರಿಯ ಪಾಡ್ದನವನ್ನು, ಅಂದರೆ ತುಳು ಜನಪದ ಕಥನಗೀತೆಯನ್ನು, ತುಳುನಾಡಿನ ಹೆಂಗಸರು ನೇಜಿ (ಭತ್ತದ ಸಸಿ) ನೆಡುತ್ತ ಹಾಡಿಕೊಂಡು ಬಂದಿದ್ದಾರೆ. ನಿಮ್ಮ ಗೆಳತಿಯರಿಗೆ ಅದನ್ನೂ ಕೇಳಿಸಿರಿ.

ಪ್ರಶ್ನೆ: ‘ನಾನು ಮಾರಿದೆ, ನಾನು ಹೊಡೆದೆ’ ಎಂದು ಹಾಡುವವರನ್ನು ಅಪರಾಧಿಗಳೆಂದೇ ತಿಳಿಯಬೇಕೇ?
– ತಾಳಮದ್ದಳೆ ಅಭಿಮಾನಿ, ಉಡುಪಿ

ಉತ್ತರ: ಖಂಡಿತ ಬೇಡ. ಕೌರವನ ಪರವಾಗಿ ಮನಮುಟ್ಟುವಂತೆ ವಾದಿಸಿದ ಅರ್ಥಧಾರಿಯನ್ನು ಪಾಂಡವದ್ವೇಷಿ ಎಂದು ನೀವು ಎಂದೂ ಭಾವಿಸಿರಲಾರಿರಿ. ಜೇ-ಝೀ ಅವರಂತೆ, ಹರೆಯದಲ್ಲಿ ಕ್ರ್ಯಾಕ್ ಮಾರಿದ್ದೆನೆಂದು ತಾವೇ ಹೇಳಿಕೊಂಡವರು ಇದ್ದಾರೆ, ನಿಜ. ಆದರೆ 1996ರ ಒಂದು ಹಾಡನ್ನು ರ‍್ಯಾಪ್ ಗಾಯಕ ನ್ಯಾಸ್ ಬಂದೂಕಿನ ಬಾಯಿಂದಲೇ ಹೇಳಿಸಿದ್ದಾರೆ, ಅಲ್ಲಿಯ ‘ನಾನು’ ಕವಿಯಲ್ಲ. ಕ್ಯಾಲಿಫೋರ್ನಿಯಾ ರಾಜ್ಯ 2022ರಲ್ಲಿ ಕಾನೂನು ಮಾಡಿ, ಹಾಡಿನ ಸಾಲುಗಳನ್ನು ಸಾಕ್ಷ್ಯವಾಗಿ ಒಪ್ಪುವ ಮೊದಲು ಅವುಗಳಿಂದ ಪೂರ್ವಗ್ರಹ ಹುಟ್ಟುವ ಅಪಾಯವನ್ನು ನ್ಯಾಯಾಧೀಶರು ತೂಗಿ ನೋಡಬೇಕೆಂದು ವಿಧಿಸಿತು. ಮರುವರ್ಷವೇ ಜಾರ್ಜಿಯಾದ ನ್ಯಾಯಾಲಯವೊಂದು ಯಂಗ್ ಥಗ್ ಎಂಬ ಗಾಯಕನ ಮೇಲಿನ ಮೊಕದ್ದಮೆಯಲ್ಲಿ ಅವರ ಹಾಡಿನ ಕೆಲವು ಸಾಲುಗಳನ್ನು ಬಳಸಲು ಷರತ್ತಿನ ಮೇಲೆ ಅನುಮತಿ ಕೊಟ್ಟಿತು. ನನಗೆ ಕ್ಯಾಲಿಫೋರ್ನಿಯಾದ ದಾರಿ ಸರಿಯೆನಿಸುತ್ತದೆ: ನಡೆದ ಕೃತ್ಯದ, ಬೇರೆಯವರಿಗೆ ತಿಳಿದಿರಲು ಸಾಧ್ಯವೇ ಇಲ್ಲದ ವಿವರ ಹಾಡಿನಲ್ಲಿದ್ದರೆ ನ್ಯಾಯಾಲಯ ಅದನ್ನು ಪರಿಶೀಲಿಸಲಿ, ಬರಿಯ ಜಂಬದ ಸಾಲನ್ನು ತಪ್ಪೊಪ್ಪಿಗೆಯೆಂದು ಓದದಿರಲಿ.