ಬೇಗಡೆ ಹಾಗೇ ಇದೆ, ಒಳಗಿನ ಚಾಕೊಲೇಟ್ ಚಿಕ್ಕದಾಗಿದೆ

ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಅಂಕಣವನ್ನು ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಇಷ್ಟಪಟ್ಟು ತಿನ್ನುತ್ತಿದ್ದ ಚಾಕೊಲೇಟು, ಬಿಸ್ಕತ್ತು, ಐಸ್‌ಕ್ರೀಮುಗಳು ಗಾತ್ರದಲ್ಲಿ ಕುಗ್ಗಿವೆ, ರುಚಿಯೂ ಮೊದಲಿನಂತಿಲ್ಲ ಎಂದು ಹಲವರು ಬರೆದಿದ್ದಾರೆ. ಒಂದೇ ಬಗೆಯ ಪತ್ರಗಳನ್ನು ಒಟ್ಟುಗೂಡಿಸಿ ಐದು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಹಳೆಯ ನಿಘಂಟನ್ನು ತೆರೆದಾಗ, ಪುಟದ ಗುರುತಿಗೆಂದು ಯಾವಾಗಲೋ ಇಟ್ಟಿದ್ದ ಚಾಕೊಲೇಟಿನ ಬೇಗಡೆ ಕಾಗದವೊಂದು ಸಿಕ್ಕಿತು. ಅದೇ ಚಾಕೊಲೇಟನ್ನು ಈಗ ಕೊಂಡು ನೋಡಿದರೆ ನನ್ನ ಕಣ್ಣಿಗೆ ಚಿಕ್ಕದಾಗಿ ಕಾಣುತ್ತದೆ. "ಆಗ ನಿನ್ನ ಕೈ ಚಿಕ್ಕದಿತ್ತಲ್ಲಮ್ಮಾ, ಅದಕ್ಕೇ ಚಾಕೊಲೇಟು ದೊಡ್ಡದಾಗಿ ಕಂಡಿತ್ತು" ಎನ್ನುತ್ತಾಳೆ ನನ್ನ ಮಗಳು. ಎರಡೂ ಬೇಗಡೆಗಳನ್ನು ಕಳುಹಿಸಿದ್ದೇನೆ. ನಿಜ ಯಾವುದು?

ಉತ್ತರ: ನಿಮ್ಮ ಕಣ್ಣು ಮೋಸ ಹೋಗಿಲ್ಲ. ಪುಟಗಳ ನಡುವೆ ಒತ್ತಿಕೊಂಡಿದ್ದರಿಂದ ಆ ಹಳೆಯ ಬೇಗಡೆಯ ಮೇಲೆ ಚಾಕೊಲೇಟಿನ ಚೌಕಗಳ ಅಚ್ಚು, ಅಂಚಿನ ಮಡಿಕೆಗಳು ಇನ್ನೂ ಸ್ಪಷ್ಟವಾಗಿ ಉಳಿದಿವೆ. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಹರಡಿ, ಅಳತೆಪಟ್ಟಿ ಹಿಡಿದು ನೋಡಿದೆ. ಹಳೆಯದರ ಉದ್ದ 130 ಮಿಲಿಮೀಟರ್, ಅಗಲ 60, ದಪ್ಪ 9. ಹೊಸದರ ಉದ್ದ 126, ಅಗಲ 58, ದಪ್ಪ ಎಂಟೂವರೆ. ಬೇಗಡೆಯ ಹಾಳೆ ಮಾತ್ರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಅಳತೆಯದು. ಹೊಸದರಲ್ಲಿ ತುದಿಯ ಮಡಿಕೆಯನ್ನು ಉದ್ದ ಮಾಡಿದ್ದಾರೆ, ಅಷ್ಟೇ.

ನಾಲ್ಕು ಮಿಲಿಮೀಟರ್ ಉದ್ದ, ಎರಡು ಮಿಲಿಮೀಟರ್ ಅಗಲ, ಅರ್ಧ ಮಿಲಿಮೀಟರ್ ದಪ್ಪ ಎಂದು ಬಿಡಿಬಿಡಿಯಾಗಿ ಹೇಳಿದರೆ ಯಾರಿಗೂ ದೊಡ್ಡ ನಷ್ಟವೆನಿಸುವುದಿಲ್ಲ. ಆದರೆ ಉದ್ದ, ಅಗಲ, ದಪ್ಪಗಳನ್ನು ಗುಣಿಸಿ ನೋಡಿದಾಗ ಒಟ್ಟು ಚಾಕೊಲೇಟಿನಲ್ಲಿ ಶೇಕಡಾ 11ಕ್ಕೂ ಹೆಚ್ಚು ಭಾಗ ಮಾಯವಾಗಿರುವುದು ತಿಳಿಯುತ್ತದೆ. ಬೆಲೆ ಮೊದಲಿನಷ್ಟೇ ಇದ್ದರೂ ಪ್ರತಿ ಗ್ರಾಮಿಗೆ ನೀವು ಶೇಕಡಾ 13ರಷ್ಟು ಹೆಚ್ಚು ಕೊಟ್ಟಂತಾಯಿತು. ವಸ್ತುವಿನ ಒಂದು ಬದಿ ಕುಗ್ಗಿದರೆ ಕಣ್ಣು ಬೇಗ ಗುರುತಿಸುತ್ತದೆ. ಮೂರೂ ಬದಿಗಳು ಒಟ್ಟಿಗೆ ತುಸುತುಸುವೇ ಕುಗ್ಗಿದಾಗ ಆಕಾರ ಹಾಗೇ ಉಳಿಯುವುದರಿಂದ ಕಣ್ಣಿಗೆ ಹೊಳೆಯುವುದೇ ಇಲ್ಲ. ಹಾಗಿದ್ದೂ ನಿಮಗೆ ಹೊಳೆದದ್ದು ನಿಮ್ಮ ಗಮನದ ಹೆಚ್ಚುಗಾರಿಕೆ.

ನಿಮ್ಮ ಮಗಳು ಹೇಳಿದಂಥ ಮಾತನ್ನೇ ಹಿಂದೊಮ್ಮೆ ತಯಾರಕರೂ ಹೇಳಿದ್ದುಂಟು. ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಕ್ಯಾಡ್ಬರಿ ಕ್ರೀಮ್ ಎಗ್ ಎಂಬ ಮೊಟ್ಟೆಯಾಕಾರದ ಚಾಕೊಲೇಟು ಚಿಕ್ಕದಾಗಿದೆ ಎಂಬ ದೂರಿಗೆ, ಮೊಟ್ಟೆ ಕುಗ್ಗಿಲ್ಲ, ನೀವೇ ಬೆಳೆದಿದ್ದೀರಿ ಎಂಬರ್ಥದ ಉತ್ತರ ಜಾಲತಾಣದಲ್ಲಿತ್ತು. 2007ರಲ್ಲಿ ನಟ ಬಿ. ಜೆ. ನೊವಾಕ್ ಟಿವಿ ಕಾರ್ಯಕ್ರಮವೊಂದಕ್ಕೆ ಹಳೆಯ ಮೊಟ್ಟೆಯನ್ನೂ ಹೊಸದನ್ನೂ ತಂದು ಅಕ್ಕಪಕ್ಕ ಹಿಡಿದು ತೋರಿಸಿದರು. 39 ಗ್ರಾಂ ಇದ್ದದ್ದು 34 ಗ್ರಾಮಿಗೆ ಇಳಿದಿತ್ತು. ತನ್ನ ನೆನಪನ್ನೇ ತಾನು ಅನುಮಾನಿಸುವಂತೆ ಗ್ರಾಹಕರನ್ನು ಮಾಡುವುದು ಐದು ಗ್ರಾಂ ಕಡಿಮೆ ಕೊಡುವುದಕ್ಕಿಂತ ದೊಡ್ಡ ತಪ್ಪು ಎಂದು ನಾನು ನಂಬಿದ್ದೇನೆ. ಈ ಲೆಕ್ಕವನ್ನು ದಯವಿಟ್ಟು ಮಗಳಿಗೆ ತೋರಿಸಿ.

ಪ್ರಶ್ನೆ: ಕೋಕೋ ಬೆಲೆ ಏರಿದ್ದರಿಂದಲೇ ಹೀಗೆ ಮಾಡಬೇಕಾಯಿತು ಎನ್ನುವುದು ನಿಜವೇ, ಬರಿಯ ನೆಪವೇ?

ಉತ್ತರ: ಎರಡೂ ಇದೆ. ಮೊದಲು ನಿಜದ ಭಾಗವನ್ನು ಹೇಳುತ್ತೇನೆ, ಏಕೆಂದರೆ ಅದು ಸಣ್ಣದಲ್ಲ. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೋಕೋ ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ಮತ್ತು ಘಾನಾ ಎಂಬ ಎರಡೇ ದೇಶಗಳಿಂದ ಬರುತ್ತದೆ. ಅಲ್ಲಿನ ಬಹಳಷ್ಟು ಮರಗಳಿಗೆ ವಯಸ್ಸಾಗಿದೆ. ಹಿಟ್ಟು ತಿಗಣೆಗಳು ಹರಡುವ ವೈರಸ್ ರೋಗವೊಂದು ರೆಂಬೆಗಳನ್ನು ಊದಿಸಿ, ಕೆಲವೇ ವರ್ಷಗಳಲ್ಲಿ ಮರವನ್ನು ಕೊಂದುಬಿಡುತ್ತದೆ. ಅದಕ್ಕೆ ಔಷಧವಿಲ್ಲ, ರೋಗ ತಗುಲಿದ ಮರವನ್ನು ಕಡಿದು ಹೊಸ ಸಸಿ ನೆಡುವುದೊಂದೇ ದಾರಿ. ಹೊಸ ಸಸಿ ಫಸಲು ಕೊಡಲು ಮೂರರಿಂದ ಐದು ವರ್ಷ ಬೇಕು. ಇದರ ಮೇಲೆ 2023ರಲ್ಲಿ ಅಕಾಲದ ಅತಿಮಳೆ ಬಿದ್ದು ಕಾಯಿಗಳು ಕಪ್ಪಾಗಿ ಕೊಳೆತವು, ಬಳಿಕ ಒಣಹವೆ ಬಂದು ಉಳಿದದ್ದನ್ನೂ ಬಾಡಿಸಿತು. 2022ರಲ್ಲಿ ಟನ್ನಿಗೆ ಸುಮಾರು 2,500 ಡಾಲರಿನ ಆಸುಪಾಸಿನಲ್ಲಿದ್ದ ಕೋಕೋ ಬೆಲೆ 2024ರ ಡಿಸೆಂಬರಿನಲ್ಲಿ 12,000 ಡಾಲರನ್ನು ದಾಟಿತು.

ಹೀಗಿರುವಾಗ ತಯಾರಕರು ಬೆಲೆ ಏರಿಸಿದರೆ ತಪ್ಪೆನ್ನಲಾರೆ. ಆದರೆ ಕೋಕೋ ಬೆಲೆ ಇಷ್ಟು ಏರಿದಾಗಲೂ ಆ ದೇಶಗಳ ರೈತರಿಗೆ ಅದು ಪೂರ್ತಿಯಾಗಿ ತಲುಪಲಿಲ್ಲ. ಅಲ್ಲಿ ರೈತನಿಗೆ ಸಿಗುವ ದರವನ್ನು ಸರ್ಕಾರ ಹಂಗಾಮಿನ ಆರಂಭದಲ್ಲೇ ನಿಗದಿ ಮಾಡುವುದರಿಂದ, ನಡುವೆ ಏರಿದ ಬೆಲೆ ಅವನ ಕೈಗೆ ಪೂರ್ತಿ ಬರುವುದಿಲ್ಲ. ಮರದ ಬುಡದಲ್ಲಿ ನಿಂತು ಕಾಯಿ ಕೊಯ್ಯುವವನಿಗೂ ಲಾಭವಿಲ್ಲದೆ, ತಿನ್ನುವ ಮಗುವಿಗೂ ತುಣುಕು ಚಿಕ್ಕದಾಗುವುದು ನನಗೆ ತುಂಬಾ ನೋವಿನ ಸಂಗತಿ.

ಇನ್ನು ನೆಪದ ಭಾಗ. ಗಾತ್ರ ಕುಗ್ಗಿಸುವ ಪದ್ಧತಿ ಈ ಕೋಕೋ ಬಿಕ್ಕಟ್ಟಿಗಿಂತ ಬಹಳ ಹಳೆಯದು. 2016ರಲ್ಲಿ ಬ್ರಿಟನ್ನಿನಲ್ಲಿ ಟಾಬ್ಲರೋನ್ ಚಾಕೊಲೇಟಿನ ತ್ರಿಕೋನ ಹಲ್ಲುಗಳ ನಡುವಿನ ಸಂದನ್ನು ಅಗಲಿಸಿ, 400 ಗ್ರಾಮಿನದನ್ನು 360ಕ್ಕೂ 170 ಗ್ರಾಮಿನದನ್ನು 150ಕ್ಕೂ ಇಳಿಸಿದರು. ಹಲ್ಲುದುರಿದ ಬಾಚಣಿಗೆಯಂತೆ ಕಾಣುತ್ತಿದ್ದ ಅದನ್ನು ಕಂಡು ಜನ ಸಿಟ್ಟಾದರು. 2018ರಲ್ಲಿ ಹಳೆಯ ಆಕಾರ ಮರಳಿತು. ಬ್ರಿಟನ್ನಿನ ರಾಷ್ಟ್ರೀಯ ಅಂಕಿಅಂಶ ಕಚೇರಿಯ ಲೆಕ್ಕದಂತೆ 2012ರಿಂದ 2017ರವರೆಗಿನ ಐದು ವರ್ಷಗಳಲ್ಲಿ 2,529 ಉತ್ಪನ್ನಗಳು ಗಾತ್ರದಲ್ಲಿ ಕುಗ್ಗಿದ್ದವು. 2025ರಲ್ಲಿ ಕೋಕೋ ಬೆಲೆ ಸಾಕಷ್ಟು ಇಳಿಯಿತು. ಬೆಲೆ ಏರಿದಾಗ ಕುಗ್ಗಿದ ಚಾಕೊಲೇಟು ಬೆಲೆ ಇಳಿದಾಗ ತಾನಾಗಿ ಹಿಗ್ಗಿದ್ದನ್ನು ಮಾತ್ರ ನಾನು ಕಂಡಿಲ್ಲ.

ಪ್ರಶ್ನೆ: ಗಾತ್ರದ ಮಾತು ಹಾಗಿರಲಿ, ರುಚಿಯೇ ಕೆಟ್ಟಿದೆ. ಮೊದಲು ಬಾಯಲ್ಲಿಟ್ಟರೆ ಕರಗುತ್ತಿತ್ತು, ಈಗ ಅಂಗುಳಿಗೆ ಅಂಟಿಕೊಳ್ಳುತ್ತದೆ. ಇದು ನನ್ನ ವಯಸ್ಸಿನ ಪ್ರಭಾವವೋ, ಚಾಕೊಲೇಟಿನದೇ ದೋಷವೋ?

ಉತ್ತರ: ವಯಸ್ಸಾದಂತೆ ನಾಲಿಗೆ ಸ್ವಲ್ಪ ಮಂದವಾಗುವುದು ಸಹಜ. ಆದರೆ ನೀವು ಹೇಳುತ್ತಿರುವುದು ಸಿಹಿ ಕಹಿಯ ಮಾತಲ್ಲ, ಕರಗುವ ಬಗೆಯ ಮಾತು. ಅದಕ್ಕೆ ಖಚಿತವಾದ ಕಾರಣವಿದೆ.

ಚಾಕೊಲೇಟಿನ ಪ್ರಾಣವೆಂದರೆ ಕೋಕೋ ಬೆಣ್ಣೆ, ಅಂದರೆ ಕೋಕೋ ಬೀಜದಲ್ಲೇ ಇರುವ ಕೊಬ್ಬು. ಅದು ಕೋಣೆಯ ತಂಪಿನಲ್ಲಿ ಗಟ್ಟಿಯಾಗಿರುತ್ತದೆ, ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ನಮ್ಮ ಮೈಯ ಬಿಸಿ 37 ಡಿಗ್ರಿ. ಈ ಮೂರು ಡಿಗ್ರಿಯ ಅಂತರದಿಂದಲೇ ಒಳ್ಳೆಯ ಚಾಕೊಲೇಟು ಕೈಯಲ್ಲಿ ಮುರಿದರೆ ಟಪ್ಪೆಂದು ಸದ್ದು ಮಾಡುತ್ತದೆ, ನಾಲಿಗೆಯ ಮೇಲಿಟ್ಟರೆ ಜಗಿಯದೆಯೇ ಹರಿದುಹೋಗುತ್ತದೆ. ಈ ಬೆಣ್ಣೆ ದುಬಾರಿ. ಅದರ ಜಾಗದಲ್ಲಿ ತಾಳೆ ಎಣ್ಣೆಯನ್ನೋ ತಾಳೆ ಬೀಜದ ಎಣ್ಣೆಯಿಂದ ತಯಾರಿಸಿದ ಕೊಬ್ಬನ್ನೋ ಹಾಕಿದರೆ ಖರ್ಚು ಇಳಿಯುತ್ತದೆ, ಸಾಗಣೆಯಲ್ಲಿ ಬೇಗ ಕರಗದಂತೆ ಮಾಡಲೂ ಬರುತ್ತದೆ. ಆದರೆ ಅದು ಬಾಯಲ್ಲಿ ಒಮ್ಮೆಲೇ ಕರಗದೆ ಮೇಣದಂತೆ ತೆಳುವಾಗಿ ಅಂಗುಳಿಗೆ ಹಿಡಿದುಕೊಳ್ಳುತ್ತದೆ. ನೀವು ಹೇಳಿದ ಅಂಟು ಬಹುತೇಕ ಅದೇ.

ಇದನ್ನು ಪರೀಕ್ಷಿಸಲೆಂದು ಎರಡು ತುಣುಕುಗಳನ್ನು ಒಂದಾದ ಮೇಲೊಂದರಂತೆ, ನಡುವೆ ಬೆಚ್ಚಗಿನ ನೀರು ಕುಡಿದು, ನಾನೇ ಬಾಯಲ್ಲಿಟ್ಟುಕೊಂಡೆ. ಕೋಕೋ ಬೆಣ್ಣೆ ಮಾತ್ರ ಇದ್ದದ್ದು ಮೊದಲು ತಣ್ಣಗೆ ತಾಗಿತು, ಏಕೆಂದರೆ ಕರಗುವಾಗ ಅದು ನಾಲಿಗೆಯಿಂದಲೇ ಬಿಸಿಯನ್ನು ಹೀರಿಕೊಳ್ಳುತ್ತದೆ. ಆಮೇಲೆ ಬಾಯಿ ತುಂಬ ಹರಡಿ, ನುಂಗಿದ ನಂತರವೂ ಕೋಕೋವಿನ ಕಹಿ ಘಮ ಉಳಿಯಿತು. ಇನ್ನೊಂದರ ಸಿಹಿ ಥಟ್ಟನೆ ತಾಗಿ ಥಟ್ಟನೆ ಹೋಯಿತು, ಜಿಡ್ಡು ಮಾತ್ರ ಹಲ್ಲಿನ ಹಿಂದೆ ಉಳಿಯಿತು. ಮನೆಯಲ್ಲೇ ಮಾಡಿ ನೋಡಿ, ಐದು ನಿಮಿಷವೂ ಬೇಡ.

ಹೊದಿಕೆಯ ಹಿಂದಿನ ಪದಾರ್ಥಗಳ ಪಟ್ಟಿಯಲ್ಲಿ ಇ476 ಎಂಬ ಸಂಖ್ಯೆಯನ್ನೂ ಗಮನಿಸಿರಬಹುದು. ಹರಳೆಣ್ಣೆಯಿಂದ ತಯಾರಾಗುವ ಈ ವಸ್ತು ಕರಗಿಸಿದ ಚಾಕೊಲೇಟನ್ನು ಸಲೀಸಾಗಿ ಹರಿಯುವಂತೆ ಮಾಡುತ್ತದೆ. ಕಡಿಮೆ ಕೋಕೋ ಬೆಣ್ಣೆಯಲ್ಲೇ ಅಚ್ಚು ತುಂಬಲು ಅದು ನೆರವಾಗುತ್ತದೆ. ಆಹಾರದಲ್ಲಿ ಬಳಸಲು ಅನುಮತಿ ಇರುವ ಪದಾರ್ಥವಾದ್ದರಿಂದ ಹೆದರಬೇಕಿಲ್ಲ. ಬೆಣ್ಣೆಯಲ್ಲಿ ಉಳಿತಾಯ ನಡೆದಿರಬಹುದು ಎಂಬ ಸುಳಿವಾಗಿ ಓದಿಕೊಂಡರೆ ಸಾಕು.

ಕಾನೂನು ಎಲ್ಲೆಡೆ ಒಂದೇ ಅಲ್ಲ. ಐರೋಪ್ಯ ಒಕ್ಕೂಟದಲ್ಲಿ ಹಾಲಿನ ಚಾಕೊಲೇಟಿಗೆ ಕನಿಷ್ಠ ಶೇಕಡಾ 25ರಷ್ಟು ಕೋಕೋ ಘನಾಂಶ ಇರಬೇಕು, ನಿಗದಿತ ಕೆಲವು ಸಸ್ಯಜನ್ಯ ಕೊಬ್ಬುಗಳನ್ನು ಶೇಕಡಾ 5ರವರೆಗೆ ಸೇರಿಸಬಹುದು, ಆದರೆ ಅದನ್ನು ಹೊದಿಕೆಯ ಮೇಲೆ ಹೇಳಬೇಕು. ಅಮೆರಿಕದಲ್ಲಿ ಬೇರೆ ಕೊಬ್ಬು ಸೇರಿಸಿದರೆ ಚಾಕೊಲೇಟ್ ಎಂಬ ಹೆಸರೇ ಸಿಗದು. ಆದರೆ ಹಾಲಿನ ಚಾಕೊಲೇಟಿಗೆ ಅರೆದ ಕೋಕೋ ಶೇಕಡಾ 10ರಷ್ಟಿದ್ದರೂ ಸಾಕು. ಆದ್ದರಿಂದ ಪಾಕ ಬದಲಾದಾಗ ಅನೇಕ ಸಲ ಹೆಸರೂ ಮೆಲ್ಲನೆ ಬದಲಾಗುತ್ತದೆ. 2008ರಲ್ಲಿ ಹರ್ಷೀಸ್ ತನ್ನ ಕೆಲವು ಉತ್ಪನ್ನಗಳಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಕೊಬ್ಬು ಬಳಸಿದಾಗ ಅವುಗಳ ಮೇಲಿನ ಹಾಲಿನ ಚಾಕೊಲೇಟ್ ಎಂಬ ಪದವನ್ನು ಕೈಬಿಡಬೇಕಾಯಿತು. 2025ರಲ್ಲಿ ಬ್ರಿಟನ್ನಿನ ಪೆಂಗ್ವಿನ್ ಮತ್ತು ಕ್ಲಬ್ ಬಿಸ್ಕತ್ತುಗಳು ಕೋಕೋ ಕಡಿಮೆಯಾದ ಕಾರಣ "ಚಾಕೊಲೇಟ್ ಸ್ವಾದದ" ಬಿಸ್ಕತ್ತುಗಳಾದವು. ಸ್ವಾದ ಎಂಬ ಒಂದು ಪದ ಸೇರಿದೆಯೇ ಎಂದು ನೋಡಿಕೊಳ್ಳಿ, ಅದರಲ್ಲಿ ಬಹಳಷ್ಟು ಅಡಗಿದೆ.

ಗ್ರಾಹಕರು ಸುಮ್ಮನಿರದ ಒಂದು ಪ್ರಸಂಗವನ್ನು ಸಂತೋಷದಿಂದ ಹೇಳುತ್ತೇನೆ. 2009ರಲ್ಲಿ ನ್ಯೂಜಿಲೆಂಡಿನಲ್ಲಿ ಕ್ಯಾಡ್ಬರಿ ತನ್ನ ಡೈರಿ ಮಿಲ್ಕ್‌ನಲ್ಲಿ ಕೋಕೋ ಬೆಣ್ಣೆಯ ಒಂದು ಭಾಗದ ಬದಲು ತಾಳೆ ಎಣ್ಣೆ ಬಳಸತೊಡಗಿತು. ರುಚಿ ಕೆಟ್ಟಿತೆಂದೂ, ತಾಳೆ ತೋಟಗಳಿಗಾಗಿ ಕಾಡು ನಾಶವಾಗುತ್ತಿದೆಯೆಂದೂ ಜನ ಪತ್ರ ಬರೆದರು, ಆಕ್ಲೆಂಡ್ ಮೃಗಾಲಯ ಅದರ ಮಾರಾಟವನ್ನೇ ನಿಲ್ಲಿಸಿತು. ಕಂಪನಿ ಅದೇ ವರ್ಷ ತಪ್ಪೊಪ್ಪಿಕೊಂಡು ಹಳೆಯ ಪಾಕಕ್ಕೆ ಮರಳಿತು. ಎಲ್ಲ ಕಡೆ ಹೀಗಾಗುವುದಿಲ್ಲ. 2015ರಲ್ಲಿ ಬ್ರಿಟನ್ನಿನ ಕ್ರೀಮ್ ಎಗ್‌ನ ಹೊರಕವಚದ ಚಾಕೊಲೇಟನ್ನು ಬದಲಿಸಿ, ಆರರ ಪೊಟ್ಟಣವನ್ನು ಐದಕ್ಕೆ ಇಳಿಸಿದಾಗಲೂ ಜನ ಹೀಗೆಯೇ ಪ್ರತಿಭಟಿಸಿದರು, ಬದಲಾವಣೆ ಮಾತ್ರ ಹಾಗೇ ಉಳಿಯಿತು.

ಪ್ರಶ್ನೆ: ಸಕ್ಕರೆ ಕಡಿಮೆಯಾಗಲೆಂದು, ಆರೋಗ್ಯದ ದೃಷ್ಟಿಯಿಂದ ಚಿಕ್ಕದು ಮಾಡಿದ್ದೇವೆ ಎನ್ನುತ್ತಾರಲ್ಲ?

ಉತ್ತರ: ಕೆಲವು ಸಂದರ್ಭಗಳಲ್ಲಿ ಸರ್ಕಾರಗಳೇ ಹಾಗೆ ಕೇಳಿದ್ದುಂಟು, ಬ್ರಿಟನ್ನು 2020ರೊಳಗೆ ಸಿಹಿ ತಿನಿಸುಗಳ ಸಕ್ಕರೆಯನ್ನು ಶೇಕಡಾ 20ರಷ್ಟು ಇಳಿಸುವ ಗುರಿಯಿಟ್ಟು, ಗಾತ್ರ ಕುಗ್ಗಿಸುವುದನ್ನೂ ಅದರ ಒಂದು ಮಾರ್ಗವೆಂದು ಒಪ್ಪಿತ್ತು. ಆ ಉದ್ದೇಶ ನಿಜವಾಗಿದ್ದರೆ ಚಾಕೊಲೇಟಿನೊಂದಿಗೆ ಬೆಲೆಯೂ ಇಳಿಯಬೇಕಿತ್ತು, ಬದಲಾವಣೆಯನ್ನು ಹೊದಿಕೆಯ ಮುಂಭಾಗದಲ್ಲಿ ಹೇಳಬೇಕಿತ್ತು.

ಪ್ರಶ್ನೆ: ಐಸ್‌ಕ್ರೀಮ್ ಡಬ್ಬಿ ಮೊದಲಿನಷ್ಟೇ ದೊಡ್ಡದಿದೆ, ಆದರೆ ಎತ್ತಿದರೆ ಹಗುರ. ಇಂಥದ್ದನ್ನೆಲ್ಲ ಪತ್ತೆಹಚ್ಚಲು ನಮಗೇನು ದಾರಿ?

ಉತ್ತರ: ಐಸ್‌ಕ್ರೀಮಿನಲ್ಲಿ ಕಡಿಮೆಯಾದದ್ದರ ಜಾಗವನ್ನು ಗಾಳಿ ತುಂಬುತ್ತದೆ. ಕಡೆಯುವಾಗ ಗಾಳಿ ಸೇರದಿದ್ದರೆ ಅದು ಮಂಜುಗಡ್ಡೆಯ ಇಟ್ಟಿಗೆಯಾಗುತ್ತಿತ್ತು, ಹಾಗಾಗಿ ಗಾಳಿ ಬೇಕೇ ಬೇಕು. ಆದರೆ ಮಿಶ್ರಣದಷ್ಟೇ ಗಾಳಿಯನ್ನೂ ಸೇರಿಸಿದರೆ ಡಬ್ಬಿಯ ಅರ್ಧ ಗಾಳಿಯೇ ಆಗುತ್ತದೆ. ಐಸ್‌ಕ್ರೀಮನ್ನು ಸಾಮಾನ್ಯವಾಗಿ ಮಿಲಿಲೀಟರಿನಲ್ಲಿ ಮಾರುವುದರಿಂದ ಅಳತೆಯಲ್ಲಿ ಏನೂ ಕಡಿಮೆ ಕಾಣದು. ಒಂದೇ ಅಳತೆಯ ಎರಡು ಡಬ್ಬಿಗಳನ್ನು ಎರಡು ಕೈಯಲ್ಲಿ ಎತ್ತಿ ನೋಡಿ, ಇಲ್ಲವೇ ತೂಕ ಹಾಕಿ. ಭಾರವಾದದ್ದರಲ್ಲಿ ಗಾಳಿ ಕಡಿಮೆ. ಅಮೆರಿಕದ ನಿಯಮದಂತೆ ಒಂದು ಲೀಟರ್ ಐಸ್‌ಕ್ರೀಮ್ ಕನಿಷ್ಠ ಸುಮಾರು 540 ಗ್ರಾಂ ತೂಗಬೇಕು, ಹಾಲಿನ ಕೊಬ್ಬು ಶೇಕಡಾ 10ರಷ್ಟಿರಬೇಕು. ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಕೊಬ್ಬು ಬಳಸಿದ್ದಕ್ಕೆ ಅನೇಕ ಕಡೆ ಐಸ್‌ಕ್ರೀಮ್ ಎಂಬ ಹೆಸರಿಲ್ಲದೆ ಬೇರೆ ಹೆಸರಿರುತ್ತದೆ.

ಉಳಿದ ತಿನಿಸುಗಳಿಗೂ ದಾರಿ ಸರಳವೇ. ನಿವ್ವಳ ತೂಕವನ್ನು ಓದಿ, ಬೆಲೆಯನ್ನು ಅದರಿಂದ ಭಾಗಿಸಿ, ನೂರು ಗ್ರಾಮಿಗೆ ಎಷ್ಟಾಯಿತು ಎಂದು ಹೋಲಿಸಿ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯುವುದರಿಂದ ಮೊದಲ ಮೂರು ಹೆಸರುಗಳಲ್ಲೇ ತಿನಿಸಿನ ಬಹುಪಾಲು ಗುಟ್ಟು ಸಿಗುತ್ತದೆ. ಫ್ರಾನ್ಸಿನಲ್ಲಿ 2024ರ ಜುಲೈ 1ರಿಂದ, ಬೆಲೆ ಇಳಿಸದೆ ಗಾತ್ರ ಕುಗ್ಗಿಸಿದ ಉತ್ಪನ್ನದ ಬಳಿ ಆ ವಿಷಯವನ್ನು ಎರಡು ತಿಂಗಳ ಕಾಲ ಬರೆದು ತೋರಿಸುವ ಹೊಣೆಯನ್ನು ದೊಡ್ಡ ಮಳಿಗೆಗಳ ಮೇಲೆ ಹೊರಿಸಲಾಗಿದೆ. ಇಂಥ ನಿಯಮ ಎಲ್ಲ ದೇಶಗಳಲ್ಲೂ ಬರಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಹಾಗೆ ಬರೆಯಬೇಕಾದ ಭಾರ ಮಳಿಗೆಗಿಂತ ತಯಾರಕರ ಮೇಲೇ ಇದ್ದರೆ ಇನ್ನೂ ಒಳ್ಳೆಯದು.

ಅಲ್ಲಿಯವರೆಗೆ, ಮೊದಲ ಪ್ರಶ್ನೆ ಕೇಳಿದ ಸೋದರಿಯಂತೆ, ಇಷ್ಟದ ತಿನಿಸಿನ ಒಂದೊಂದು ಹೊದಿಕೆಯನ್ನು ತೂಕ ಬರೆದ ಅಂಚು ಹರಿಯದಂತೆ ಬಿಡಿಸಿ, ಕೊಂಡ ದಿನಾಂಕವನ್ನು ಪೆನ್ನಿನಲ್ಲಿ ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ. ತಯಾರಕರಿಗೆ ದೂರು ಬರೆಯುವಾಗ "ಮೊದಲಿನಂತಿಲ್ಲ" ಎಂದಷ್ಟೇ ಬರೆಯದೆ, ಇಂಥ ದಿನ ಇಷ್ಟು ಗ್ರಾಂ ಇತ್ತು, ಇಂದು ಇಷ್ಟಿದೆ ಎಂದು ಬರೆಯಲು ಅದು ಬೇಕಾಗುತ್ತದೆ. ಆ ಸೋದರಿಯ ಎರಡೂ ಬೇಗಡೆಗಳನ್ನು ಅಳತೆ ಬರೆದ ಚೀಟಿಯೊಂದಿಗೆ ಅಂಚೆಯಲ್ಲಿ ಮರಳಿಸುತ್ತಿದ್ದೇನೆ.