ರೋಡ್ ಕೆರೆದ ಪುಡಿ ಎಲ್ಲಿಗೆ ಹೋಗುತ್ತೆ? (ಓದುಗರ ಪ್ರಶ್ನೆ, ನಮ್ಮ ಉತ್ತರ)

ಹೋದ ಸಲ ರಸ್ತೆ ಗುಂಡಿ ಬಗ್ಗೆ ಬರೆದಿದ್ದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಡಾಂಬರಿನ ಬಗ್ಗೇನೇ ಇದ್ವು. ಜಲ್ಲಿ, ಡಾಂಬರು ಕಾಯಿಸಿ ಕಲಸೋ ಹಾಟ್ ಮಿಕ್ಸ್ ಪ್ಲಾಂಟ್‌ನಲ್ಲಿ ಬಹಳ ವರ್ಷ ಹೊಗೆ ಕುಡಿದವನು ನಾನು, ಹಾಗಾಗಿ ಈ ಸಲ ಅದನ್ನೇ ತಗೊಳ್ತೀನಿ.

ಪ್ರಶ್ನೆ: ನಾವು ಮನೆ ಕಟ್ಟಿದಾಗ ರಸ್ತೆಯಿಂದ ಎರಡು ಮೆಟ್ಟಿಲು ಹತ್ತಿ ಒಳಗೆ ಹೋಗ್ತಿದ್ವಿ, ಈಗ ಗೇಟ್ ಹತ್ರ ಇಳೀಬೇಕು. ಪ್ರತಿ ಸಲ ಹಳೇ ಡಾಂಬರ್ ಮೇಲೇ ಹೊಸದು ಹಾಕ್ತಾರೆ, ಜೋರು ಮಳೆ ಬಂದ್ರೆ ನೀರು ಸೀದಾ ಸಂಪಿಗೆ. ಕೆರೆದು ಹಾಕೋಕೆ ಆಗಲ್ವಾ?
– ಓದುಗರು, ಬೆಂಗಳೂರು

ಉತ್ತರ: ಆಗುತ್ತೆ ಸರ್, ಧಾರಾಳವಾಗಿ ಆಗುತ್ತೆ. ಒಂದು ಸಲಕ್ಕೆ 40 ಮಿಲಿಮೀಟರ್ ಹಾಕಿದ್ರು ಅಂತ ಇಟ್ಕೊಳ್ಳಿ, ಐದು ಸಲಕ್ಕೆ 20 ಸೆಂಟಿಮೀಟರ್, ಅಲ್ಲಿಗೆ ನಿಮ್ಮ ಒಂದು ಮೆಟ್ಟಿಲು ಪೂರ್ತಿ ಹೂತುಹೋಯ್ತು. ಮ್ಯಾನ್‌ಹೋಲ್ ಮುಚ್ಚಳಗಳು ಗುಂಡಿ ಒಳಗೆ ಕೂತಿರೋ ಹಾಗೆ ಕಾಣೋದೂ ಇದೇ ಕಾರಣಕ್ಕೆ.

ಇದಕ್ಕೆ ಮಿಲ್ಲಿಂಗ್ ಮಷಿನ್ ಅಂತ ಇದೆ, ಹೊಟ್ಟೆ ಕೆಳಗೆ ಹಲ್ಲುಗಳಿರೋ ಉರುಳೆ ತಿರುಗ್ತಾ ಮೇಲಿನ ಪದರವನ್ನ ಬೇಕಾದಷ್ಟೇ ಆಳಕ್ಕೆ ಕೆರೆದು, ಬೆಲ್ಟ್ ಮೇಲೆ ಸಾಗಿಸಿ ಮುಂದೆ ಹೋಗ್ತಿರೋ ಟಿಪ್ಪರ್‌ಗೆ ಸುರಿಯುತ್ತೆ. ರಾತ್ರಿ ಹೊತ್ತು ದೊಡ್ಡ ರಸ್ತೆಗಳಲ್ಲಿ ನೋಡಿರ್ತೀರಿ. ಅದು ಹೋದ ಮೇಲೆ ರಸ್ತೆ ಮೈಮೇಲೆ ಬಾಚಣಿಗೆ ಎಳೆದ ಹಾಗೆ ಗೆರೆ ಗೆರೆ ಇರುತ್ತೆ, ಆ ಗೆರೆ ಹೊಸ ಪದರ ಹಿಡ್ಕೊಳ್ಳೋಕೂ ಒಳ್ಳೇದೇ.

ಹೀಗೆ ಕೆರೆದು ಬಂದ ಪುಡಿ ಜನಕ್ಕೆ ಕಸ ಥರ ಕಾಣುತ್ತೆ. ಕಸ ಅಲ್ಲ ಅದು. ತೂಕದಲ್ಲಿ ಹೆಚ್ಚುಕಮ್ಮಿ 95 ಭಾಗ ಜಲ್ಲಿ, ಡಸ್ಟು, ಉಳಿದ ಸುಮಾರು 5 ಭಾಗ ಡಾಂಬರು. ನಿಮ್ಮ ಬೀದಿ 6 ಮೀಟರ್ ಅಗಲ ಅಂದ್ರೆ, ಬರೀ 100 ಮೀಟರ್ ಉದ್ದಕ್ಕೆ 40 ಮಿಲಿಮೀಟರ್ ಕೆರೆದ್ರೂ ಸುಮಾರು 55 ಟನ್ ಮಾಲು ಬರುತ್ತೆ, ಅದರಲ್ಲಿ ಎರಡೂಮುಕ್ಕಾಲು ಟನ್ ಡಾಂಬರು, ಅಂದ್ರೆ 17-18 ಡ್ರಮ್! ಕಾಸು ಕೊಟ್ಟು ತಂದಿದ್ದು ಸ್ವಾಮಿ, ಕಾಸು ಕೊಟ್ಟೇ ತಗೊಂಡು ಹೋಗಿ ಕೆರೆ ಅಂಗಳಕ್ಕೆ ಸುರಿದು ಬರ್ತೀವಿ.

ನಮ್ಮ ಪ್ಲಾಂಟ್‌ನ ಹಳೇ ಆಪರೇಟರ್ ಒಬ್ಬರು ಹೇಳೋರು, ಸಿಮೆಂಟು ಮೊಸರಿನ ಜಾತಿ, ಒಂದ್ಸಲ ಹೆಪ್ಪಾದ್ರೆ ಮತ್ತೆ ಹಾಲಾಗಲ್ಲ, ಡಾಂಬರು ಬೆಲ್ಲದ ಜಾತಿ, ಕಾಯಿಸಿದ್ರೆ ಕರಗುತ್ತೆ ಆರಿದ್ರೆ ಗಟ್ಟಿ, ಎಷ್ಟು ಸಲ ಬೇಕಾದ್ರೂ ಮಾಡ್ಕೋ ಅಂತ. ಪೂರ್ತಿ ನಿಜ ಅಲ್ಲ (ಮುಂದಿನ ಪ್ರಶ್ನೆ ನೋಡಿ), ಆದ್ರೆ ಮರುಬಳಕೆಯ ಗುಟ್ಟೆಲ್ಲ ಅದರಲ್ಲೇ ಇದೆ.

ನೀವು ಮಾಡಬೇಕಾದ್ದು ಇಷ್ಟು. ನಿಮ್ಮ ಬೀದಿ ಎಸ್ಟಿಮೇಟ್‌ನಲ್ಲಿ ಮಿಲ್ಲಿಂಗ್ ಅನ್ನೋ ಐಟಂ ಇದೆಯಾ ಅಂತ ಕೆಲಸ ಶುರು ಆಗೋಕೆ ಮುಂಚೇನೇ ವಾರ್ಡ್ ಎಂಜಿನಿಯರ್ ಹತ್ರ ಕೇಳಿ, ಬೇಕಾದ್ರೆ ಆರ್‌ಟಿಐ ಹಾಕಿ. ಹಳೇ ಡಾಂಬರನ್ನ ಮತ್ತೆ ಬಳಸೋದು ಹೇಗೆ ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ (ರಸ್ತೆ ಎಂಜಿನಿಯರ್‌ಗಳ ಸಂಸ್ಥೆ) 2015ರಲ್ಲೇ ಐಆರ್‌ಸಿ 120 ಅಂತ ಮಾರ್ಗಸೂಚಿ ತಂದಿದೆ, ಹಾಗಾಗಿ ಇದೆಲ್ಲ ಹೊಸ ವಿದ್ಯೆ ಅಂತ ಯಾರೂ ನಿಮ್ಮನ್ನ ಸಾಗಹಾಕೋ ಹಾಗಿಲ್ಲ. ಡಾಂಬರು ಹರಡೋ ಮಷಿನ್ (ಪೇವರ್) ಬಂದು ನಿಂತ ಮೇಲೆ ಕೂಗಾಡಿದ್ರೆ ಉಪಯೋಗ ಇಲ್ಲ.

ಪ್ರಶ್ನೆ: ಕರಗಿಸಿದ್ರೆ ಮತ್ತೆ ಡಾಂಬರೇ ಆಗೋದಾದ್ರೆ ಹಳೇ ಪುಡಿಯಿಂದಲೇ ನೂರಕ್ಕೆ ನೂರು ಹೊಸ ರಸ್ತೆ ಯಾಕೆ ಮಾಡಲ್ಲ?
– ಸಿವಿಲ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಯಾಕಂದ್ರೆ ಡಾಂಬರಿಗೂ ವಯಸ್ಸಾಗುತ್ತೆ. ಬಿಸಿಲು, ಗಾಳಿಯಲ್ಲಿರೋ ಆಕ್ಸಿಜನ್ ಸೇರಿ ಅದರ ಜಿಡ್ಡು ಕಮ್ಮಿ ಮಾಡಿ ಗಡುಸು ಮಾಡ್ತವೆ, ಅದನ್ನೇ ಪೂರ್ತಿ ಹಾಕಿದ್ರೆ ರಸ್ತೆ ಹಪ್ಪಳದ ಹಾಗೆ ಬಿರುಕು ಬಿಡುತ್ತೆ. ಅದಕ್ಕೆ ಜೊತೆಗೆ ಮೆದು ಗ್ರೇಡಿನ ಹೊಸ ಡಾಂಬರು ಸೇರಿಸ್ತಾರೆ, ಇಲ್ಲಾಂದ್ರೆ ರಿಜುವನೇಟರ್ ಅಂತ ಎಣ್ಣೆ ಥರದ್ದು ಸೇರಿಸಿ ಹಳೇದಕ್ಕೆ ಜೀವ ತರಿಸ್ತಾರೆ.

ಇನ್ನೊಂದು ಕಷ್ಟ ಕಾಯಿಸೋದು. ಹೊಸ ಜಲ್ಲಿಗೆ ಬರ್ನರ್ ಜ್ವಾಲೆ ಬಿಟ್ಟು 160 ಡಿಗ್ರಿ ಆಸುಪಾಸಿಗೆ ಕಾಯಿಸಬಹುದು, ಹಳೇ ಪುಡಿಗೆ ಹಂಗೆ ಬೆಂಕಿ ತೋರಿಸಿದ್ರೆ ಅದರಲ್ಲಿರೋ ಡಾಂಬರೇ ಸುಟ್ಟು ನೀಲಿ ಹೊಗೆ ಏಳುತ್ತೆ. ಆದ್ದರಿಂದ ಹೊಸ ಜಲ್ಲೀನೇ ಮಾಮೂಲಿಗಿಂತ ಜಾಸ್ತಿ ಕಾಯಿಸಿ, ಆ ಕಾವಿನಲ್ಲೇ ಹಳೇದು ಕರಗೋ ಹಾಗೆ ಮಾಡ್ತಾರೆ, ಹಾಗಾಗಿ ಹಳೇ ಮಾಲಿನ ಪಾಲಿಗೆ ಒಂದು ಮಿತಿ ಬಂದೇ ಬರುತ್ತೆ. ಪುಡಿ ಮಳೇಲಿ ನೆನೆದಿದ್ರಂತೂ ಮುಗೀತು, ನೀರು ಒಣಗಿಸೋಕೇ ಇಂಧನ ಖರ್ಚಾಗೋದು ನೋಡಿ ನಮ್ಮ ಓನರ್ ಮುಖ ಡಾಂಬರಿಗಿಂತ ಕಪ್ಪಾಗ್ತಿತ್ತು, ಕೊನೆಗೆ ರಾಶಿ ಮೇಲೆ ಶೀಟ್ ಹಾಕಿಸಿದ್ರು ಅನ್ನಿ. ಅಮೆರಿಕದಲ್ಲಿ ಹೊಸ ಮಿಕ್ಸ್‌ನಲ್ಲಿ ಸರಾಸರಿ ಐದನೇ ಒಂದು ಭಾಗ ಹಳೇ ರಸ್ತೆಯದ್ದೇ ಇರುತ್ತೆ, ಜಪಾನಿನವರು ಬೇರೆ ಡ್ರಮ್ಮಲ್ಲಿ ಹಳೇದನ್ನ ಹದವಾಗಿ ಕಾಯಿಸಿ ಅರ್ಧದ ಹತ್ರ ಹತ್ರ ಹೋಗಿದ್ದಾರೆ.

ಕಾಯಿಸದೇ ಮಾಡೋ ದಾರಿನೂ ಇದೆ. ಬಿಸಿ ಡಾಂಬರಿಗೆ ಚೂರೇ ಚೂರು ತಣ್ಣೀರು ಹಾಯಿಸಿದ್ರೆ ಅದು ನೊರೆ ಉಕ್ಕುತ್ತೆ, ಆ ನೊರೆನ ತಣ್ಣಗಿರೋ ಹಳೇ ಪುಡಿಗೆ ಕಲಸಿ, ಸ್ವಲ್ಪ ಸಿಮೆಂಟ್ ಸೇರಿಸಿ ರಸ್ತೆಯ ಕೆಳ ಪದರಕ್ಕೆ ಹಾಕ್ತಾರೆ, ಮೇಲೆ ಮಾತ್ರ ಹೊಸ ಹಾಟ್ ಮಿಕ್ಸ್. ನೀವು ಪ್ರಾಜೆಕ್ಟ್‌ಗೆ ವಿಷಯ ಹುಡುಕ್ತಿದ್ರೆ ಇದನ್ನ ತಗೊಳ್ಳಿ, ನನಗಂತೂ ಇದೇ ಬಲು ಇಷ್ಟ.

ಪ್ರಶ್ನೆ: ಹೈವೇ ಕೆಲಸದವರು ಕೆರೆದ ಪುಡಿನ ಟ್ರ್ಯಾಕ್ಟರ್ ಬಾಡಿಗೆ ಕೊಟ್ರೆ ಸಾಕು ಒಯ್ರಿ ಅಂತಾರೆ. ತೋಟದ ದಾರಿಗೆ ಹಾಕಬಹುದಾ? ತೆಂಗಿಗೆ ಏನಾದ್ರೂ ತೊಂದ್ರೆ ಆಗುತ್ತಾ?
– ರೈತರು, ಹಾಸನ ಜಿಲ್ಲೆ

ಉತ್ತರ: ಯಾರ ಮಾಲು, ಕೊಡೋಕೆ ಅವರಿಗೆ ಅಧಿಕಾರ ಇದೆಯಾ ಅಂತ ಒಂದು ಮಾತು ಕೇಳ್ಕೊಂಡು ಧೈರ್ಯವಾಗಿ ಹಾಕಿಸಿ. ಮೊದಲು ನೆಲ ಹದ ಮಾಡಿ, ನಡುವೆ ಉಬ್ಬು ಕೊಟ್ಟು, ಮೂರು ನಾಲ್ಕು ಇಂಚು ದಪ್ಪ ಹರಡಿ ಬೇಸಿಗೆಯ ಸುಡು ಮಧ್ಯಾಹ್ನ ರೋಲರ್ ಓಡಿಸಿ, ಬಿಸಿಲಿಗೆ ಇರೋ ಡಾಂಬರು ಮೆತ್ತಗಾಗಿ ಒಂದಕ್ಕೊಂದು ಅಂಟ್ಕೊಳ್ಳುತ್ತೆ. ಡಾಂಬರ್ ರಸ್ತೆ ಅಷ್ಟು ಗಟ್ಟಿ ಅಲ್ಲ, ಆದ್ರೆ ಕೆಸರಲ್ಲಿ ಟ್ರ್ಯಾಕ್ಟರ್ ಹೂತ್ಕೊಳ್ಳೋ ಕಾಟ ತಪ್ಪುತ್ತೆ. ಗಿಡದ ಪಾತಿಗೆ, ಬಾವಿ ಅಂಚಿಗೆ ಮಾತ್ರ ಬೇಡ, ದಾರಿ ಮಟ್ಟಿಗೆ ಇರಲಿ.

ಇನ್ನು ತೆಂಗಿನ ವಿಷಯ. ಬಾಯ್ಮಾತಿಗೆ ನಾವೆಲ್ಲ ಡಾಂಬರಿಗೆ ಟಾರು ಅಂತೀವಿ, ನಿಜವಾದ ಟಾರು ಕಲ್ಲಿದ್ದಲಿಂದ ಬರೋದು, ಅದರಲ್ಲಿ ಕ್ಯಾನ್ಸರ್ ತರೋ ಅಂಶ ಜಾಸ್ತಿ. ಈಗ ರಸ್ತೆಗೆ ಹಾಕೋದು ಕಚ್ಚಾ ತೈಲ ಬಟ್ಟಿ ಇಳಿಸಿದ ಮೇಲೆ ತಳದಲ್ಲಿ ಉಳಿಯೋ ಬಿಟುಮೆನ್, ನಮ್ಮ ಮಂಗಳೂರಿನ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕದಲ್ಲೂ ತಯಾರಾಗುತ್ತೆ. ಗಟ್ಟಿಯಾದ ಮೇಲೆ ಅದರ ಅಂಶ ನೀರಿಗೆ ಅಷ್ಟಾಗಿ ಬಿಡಲ್ಲ, ಹಾಗಾಗಿ ದಾರಿಗೆ ಹಾಕಿದ್ರೆ ತೆಂಗಿಗೆ ಅಷ್ಟು ಹೆದರಬೇಕಿಲ್ಲ. ಆ ಪುಡಿನ ಒಲೆಗೆ ಹಾಕೋದು ಮಾತ್ರ ಬೇಡವೇ ಬೇಡ.

ಪ್ರಶ್ನೆ: ಪ್ಲಾಸ್ಟಿಕ್ ರಸ್ತೆ ಅಂತಾರಲ್ಲ, ಅದು ನಿಜಕ್ಕೂ ಕೆಲಸ ಮಾಡುತ್ತಾ?
– ಗೃಹಿಣಿ, ಮೈಸೂರು

ಉತ್ತರ: ಮಾಡುತ್ತೆ ಅಮ್ಮ. ಮಧುರೈನ ಪ್ರೊಫೆಸರ್ ಆರ್. ವಾಸುದೇವನ್ ಇದನ್ನ ರೂಢಿಗೆ ತಂದ್ರು, 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹಾಲಿನ ಕವರ್, ಕ್ಯಾರಿ ಬ್ಯಾಗ್ ಥರದ್ದನ್ನ ಚೂರು ಮಾಡಿ ಬಿಸಿ ಜಲ್ಲಿ ಮೇಲೆ ಉದುರಿಸಿದ್ರೆ ಕರಗಿ ಕಲ್ಲಿಗೆ ಕೋಟ್ ಆಗುತ್ತೆ, ಆಮೇಲೆ ಡಾಂಬರು, ಹಾಗಾಗಿ ನೀರು ಕಲ್ಲಿಂದ ಡಾಂಬರನ್ನ ಬಿಡಿಸೋದು ಕಷ್ಟ ಆಗುತ್ತೆ. ಪಿವಿಸಿ ಪೈಪ್ ಚೂರು ಹಾಕಬಾರದು, ಬಿಸಿಗೆ ವಿಷದ ಹೊಗೆ ಬಿಡುತ್ತೆ. ಒಂದು ಮಾತು, ಚರಂಡಿ ಇಲ್ಲದ ರಸ್ತೆಗೆ ಪ್ಲಾಸ್ಟಿಕ್ ಅಲ್ಲ ಬೆಳ್ಳಿ ಹಾಕಿದ್ರೂ ಕಿತ್ತೋಗುತ್ತೆ.

ಪ್ರಶ್ನೆ: ಮನೆ ಹತ್ರ ಅರ್ಧ ಡ್ರಮ್ ಡಾಂಬರ್ ಉಳಿದಿದೆ. ಕಾಯಿಸಿ ಟೆರೇಸ್ ಸೋರೋ ಕಡೆ ಹಾಕ್ಲಾ?
– ಓದುಗರು, ತುಮಕೂರು

ಉತ್ತರ: ಬೇಡ. ರಸ್ತೆ ಡಾಂಬರು ನಮ್ಮ ಬಿಸಿಲಿಗೆ ಟೆರೇಸ್ ಮೇಲೆ ಇಳಿಯುತ್ತೆ, ಚಪ್ಪಲಿಗೆ ಅಂಟುತ್ತೆ, ವರ್ಷ ಕಳೆದ್ರೆ ಸೀಳುತ್ತೆ. ತಾರಸಿಗೆ ಅಂತಲೇ ಬಿಟುಮೆನ್ ಶೀಟ್ ಬರುತ್ತೆ, ಅದನ್ನ ಗೊತ್ತಿರೋರ ಕೈಲಿ ಹಾಕಿಸಿ. ಡ್ರಮ್ ಒಳಗೆ ಮಳೆನೀರು ಸೇರಿದ್ರೆ ಕಾಯಿಸ್ತಿದ್ದ ಹಾಗೇ ಹಾಲು ಉಕ್ಕಿದ ಹಾಗೆ ಉಕ್ಕಿ ಮೈಮೇಲೆ ಬರುತ್ತೆ, ನಾನು ಕಣ್ಣಾರೆ ನೋಡಿದೀನಿ. ಯಾರಿಗಾದ್ರೂ ಬಿಸಿ ಡಾಂಬರು ಮೈಗೆ ಬಿದ್ರೆ ಅದನ್ನ ಕೀಳೋಕೆ ಹೋಗ್ಬೇಡಿ, ಚರ್ಮನೂ ಬರುತ್ತೆ, ತಣ್ಣೀರು ಹಾಯಿಸ್ತಾ ಇರಿ, ಅಂಟಿದ್ದು ಅಂಟಿದ ಹಾಗೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಆ ಅರ್ಧ ಡ್ರಮ್‌ನ ರಸ್ತೆ ಕೆಲಸದವರಿಗೆ ಕೊಟ್ಟುಬಿಡಿ, ಖುಷಿಯಿಂದ ಒಯ್ತಾರೆ.