ಆಪರೇಷನ್ ಆಗಿ ಬಂದವರ ಕಾಲು ಊದಿದರೆ ತಿಕ್ಕಬೇಡಿ

ಮಳೆ ಹಿಡಿದ ಮೇಲೆ ನನಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಕಥೆ. ಪಾಚಿ ಹಿಡಿದ ಅಂಗಳದಲ್ಲಿ ಜಾರಿ ಬಿದ್ದ ಹಿರಿಯರು, ಸೊಂಟದ ಆಪರೇಷನ್, ಮನೆಗೆ ಬಂದು ಎಂಟು ಹತ್ತು ದಿನಕ್ಕೆ ಊದಿದ ಕಾಲು, ಎಣ್ಣೆ ಹಾಕಿ ತಿಕ್ಕಲು ಬಂದು ನಿಂತ ಯಾರೋ ಒಬ್ಬರು. ಎಷ್ಟು ಸಲ ಹೇಳಿದರೂ ಮತ್ತೆ ಬರುತ್ತದೆ. ಈ ಸಲ ಉಳಿದ ಪ್ರಶ್ನೆಗಳನ್ನು ಬದಿಗೆ ಸರಿಸಿ ಹೆಚ್ಚಿನ ಜಾಗ ಇದಕ್ಕೇ ಕೊಟ್ಟಿದ್ದೇನೆ.

ಅಮ್ಮನಿಗೆ 72 ವರ್ಷ. ಬಲಗಡೆ ಸೊಂಟದ ಮೂಳೆ ಮುರಿದು ಮಂಗಳೂರಿನಲ್ಲಿ ಆಪರೇಷನ್ ಆಯಿತು. ಮನೆಗೆ ಬಂದು 9 ದಿನ. ಈಗ ಎಡಗಾಲಿನ ಮೀನಖಂಡ ಊದಿ ಬಿಗಿಯಾಗಿದೆ. ನೆರೆಯವರು ನರ ಹಿಡಿದಿದೆ ಎನ್ನುತ್ತಾರೆ. ಎಣ್ಣೆ ಹಾಕಿ ತಿಕ್ಕುವವರನ್ನು ಕರೆಸಬಹುದೇ? – ಕಾಪುವಿನ ಓದುಗರು

ಬೇಡ. ಇಂಥ ಪ್ರಶ್ನೆಗೆ ಅಂಕಣದಲ್ಲಿ ಉತ್ತರ ಬರುವವರೆಗೆ ಕಾಯುವ ಹಾಗಿಲ್ಲ. ಪತ್ರ ಓದಿದ ತಕ್ಷಣ ಅವರಿಗೆ ಫೋನ್ ಮಾಡಿ, ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದೆ. ಸ್ಕ್ಯಾನ್ ಮಾಡಿದಾಗ ಮೊಣಕಾಲಿನ ಹಿಂಭಾಗದಿಂದ ತೊಡೆಯವರೆಗೆ ರಕ್ತ ಹೆಪ್ಪುಗಟ್ಟಿತ್ತು. ಅಮ್ಮ ಈಗ ಔಷಧದಲ್ಲಿದ್ದಾರೆ, ನಡೆಯುತ್ತಿದ್ದಾರೆ. ಅವರ ಒಪ್ಪಿಗೆ ಪಡೆದು ಉಳಿದವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಈ ‘ನರ’ ಎಂಬ ಮಾತು. ನಮ್ಮಲ್ಲಿ ನರ ಅಂದರೆ ನರವೂ ಹೌದು, ರಕ್ತನಾಳವೂ ಹೌದು, ಸ್ನಾಯುವಿನ ಹುರಿಯೂ ಹೌದು. ನರ ಉಳುಕಿತು, ನರ ಹಿಡಿಯಿತು, ನರ ಎಳೆಯಿತು ಎಂದೊಡನೆ ಕೈ ತಾನಾಗಿ ಎಣ್ಣೆಯ ಬಾಟಲಿಗೆ ಹೋಗುತ್ತದೆ. ಉಳುಕಿದ ಸ್ನಾಯುವಿಗೆ ತಿಕ್ಕಿದರೆ ಹಾಯೆನಿಸೀತು. ಹೆಪ್ಪುಗಟ್ಟಿದ ರಕ್ತನಾಳಕ್ಕೆ ತಿಕ್ಕಿದರೆ ಜೀವ ಹೋದೀತು. ಹೊರಗಿನಿಂದ ಮುಟ್ಟಿ ಎರಡನ್ನೂ ಬೇರೆ ಮಾಡಲು ನನ್ನಿಂದಲೂ ಆಗುವುದಿಲ್ಲ, ಯಾವ ನಾಟಿ ವೈದ್ಯರಿಂದಲೂ ಆಗುವುದಿಲ್ಲ.

ಕಾಲಿನ ರಕ್ತ ಹೃದಯಕ್ಕೆ ವಾಪಸಾಗುವುದು ಮೀನಖಂಡದ ಬಲದಿಂದ. ಒಂದೊಂದು ಹೆಜ್ಜೆಗೂ ಅದು ರಕ್ತನಾಳವನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಮಲಗಿದಲ್ಲೇ ಇದ್ದರೆ ಆ ಪಂಪು ನಿಂತಂತೆ. ಮೇಲಿಂದ ಮೂಳೆ ಮುರಿದ ಪೆಟ್ಟು, ಆಪರೇಷನ್ನಿನ ಗಾಯ ಎರಡೂ ಸೇರಿ ಇಡೀ ಮೈಯ ರಕ್ತವನ್ನೇ ಹೆಪ್ಪುಗಟ್ಟಲು ತಯಾರಾಗಿ ಇಟ್ಟಿರುತ್ತವೆ. ಆಪರೇಷನ್ ಬಲಕ್ಕೆ ಆದರೂ ಎಡಗಾಲು ಊದಿದ್ದು ಅದಕ್ಕೇ. ‘ಆ ಕಾಲಿಗೆ ಏನೂ ಆಗಿರಲಿಲ್ಲವಲ್ಲ’ ಎಂದು ಸುಮ್ಮನಿರುವುದು ದೊಡ್ಡ ತಪ್ಪು.

ಹೊಸ ಹೆಪ್ಪು ಮೆತ್ತಗಿರುತ್ತದೆ. ಬುಡ ರಕ್ತನಾಳದ ಗೋಡೆಗೆ ಅಂಟಿರುತ್ತದೆ, ಬಾಲ ರಕ್ತದ ಹರಿವಿನಲ್ಲಿ ತೇಲುತ್ತಿರುತ್ತದೆ. ಎಣ್ಣೆ ತಿಕ್ಕುವವರ ಕೈ ಪಾದದಿಂದ ತೊಡೆಯ ಕಡೆಗೆ ಬಲವಾಗಿ ಏರುವುದನ್ನು ನೋಡಿದ್ದೀರಿ. ಆ ಬಾಲ ತುಂಡಾಗಿ ಹೋಗುವ ದಾರಿಯೂ ಅದೇ. ತೊಡೆ, ಹೊಟ್ಟೆ, ಹೃದಯದ ಬಲಭಾಗ, ಅಲ್ಲಿಂದ ಶ್ವಾಸಕೋಶ. ಶ್ವಾಸಕೋಶದ ಮುಖ್ಯ ರಕ್ತನಾಳಕ್ಕೇ ಅಡ್ಡ ಕೂತರೆ ಕೆಲವೊಮ್ಮೆ ನಿಮಿಷಗಳಲ್ಲಿ ಮುಗಿಯುತ್ತದೆ. ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿಯನ್ನು ಹಾಗೇ ತಂದರು. ಕಾಲಿನಲ್ಲಿ ಎಣ್ಣೆಯ ಪಸೆ ಇನ್ನೂ ಆರಿರಲಿಲ್ಲ. ತಿಕ್ಕಿಸಿಕೊಂಡು ಬಚ್ಚಲಿಗೆ ಹೋಗಲು ಎದ್ದವರು ಬಾಗಿಲಲ್ಲೇ ಕುಸಿದಿದ್ದರು. ನಮ್ಮ ಕೈಯಲ್ಲಿ ಏನೂ ಆಗಲಿಲ್ಲ. ಮಗ ಕಾರಿಡಾರಿನಲ್ಲಿ ನಿಂತು ಕೇಳಿದ್ದು ಒಂದೇ ಪ್ರಶ್ನೆ, ‘ನಾನೇ ಅಲ್ವಾ ಡಾಕ್ಟ್ರೇ ಅವರನ್ನು ಕರೆಸಿದ್ದು?’ ಇವತ್ತು ಈ ಅಂಕಣ ಇಷ್ಟು ಖಾರವಾಗಿದ್ದರೆ ಅದಕ್ಕೆ ಆ ಪ್ರಶ್ನೆಯೇ ಕಾರಣ.

ಪತ್ತೆ ಹಚ್ಚುವುದು ಕಷ್ಟದ ಕೆಲಸವಲ್ಲ. ಡಾಪ್ಲರ್ ಸ್ಕ್ಯಾನಿನ ಕಡ್ಡಿಯನ್ನು ತೊಡೆಸಂದಿಯ ಮೇಲಿಟ್ಟಾಗ ಪರದೆಯಲ್ಲಿ ಎರಡು ಕಪ್ಪು ಉರುಟುಗಳು ಅಕ್ಕಪಕ್ಕ ಕಾಣುತ್ತವೆ. ಕಡ್ಡಿಯನ್ನು ಮೆಲ್ಲಗೆ ಒತ್ತಿದರೆ ಒಂದು ಹಾಗೇ ಮಿಡಿಯುತ್ತಿರುತ್ತದೆ, ಅದು ಹೃದಯದಿಂದ ರಕ್ತ ತರುವ ಅಪಧಮನಿ. ಇನ್ನೊಂದು ಕಣ್ಣು ಮುಚ್ಚಿದ ಹಾಗೆ ಚಪ್ಪಟೆಯಾಗಿ ಮಾಯವಾಗುತ್ತದೆ, ಅದು ರಕ್ತವನ್ನು ಹೃದಯಕ್ಕೆ ವಾಪಸು ಒಯ್ಯುವ ಅಭಿಧಮನಿ, ಸರಿಯಾಗಿದೆ ಎಂದರ್ಥ. ಒತ್ತಿದರೂ ಅದು ಮುಚ್ಚಿಕೊಳ್ಳದಿದ್ದರೆ ಒಳಗೆ ಹೆಪ್ಪು ಕೂತಿದೆ. ನೋವಿಲ್ಲ, ಸೂಜಿಯಿಲ್ಲ. ಹತ್ತು ಜನರನ್ನು ಕಳಿಸಿ ಒಂಬತ್ತು ಜನರಿಗೆ ಏನೂ ಇಲ್ಲ ಎಂದು ಬಂದರೂ ನನಗೆ ಬೇಸರವಿಲ್ಲ. ಸುಮ್ಮನೆ ಖರ್ಚು ಮಾಡಿಸಿದಿರಿ ಎಂದು ಬೈದವರಿದ್ದಾರೆ, ಬೈಯಲಿ.

ಇನ್ನೊಂದು ಮಾತು. ಡಿಸ್ಚಾರ್ಜ್ ಆಯಿತು ಎಂದರೆ ಅಪಾಯ ಮುಗಿಯಿತು ಎಂದಲ್ಲ. ಇಂಥ ಹೆಪ್ಪುಗಳಲ್ಲಿ ಸುಮಾರು ಅರ್ಧದಷ್ಟು ಕಾಣಿಸಿಕೊಳ್ಳುವುದು ಆಸ್ಪತ್ರೆಯಲ್ಲಿರುವಾಗ ಅಥವಾ ಮನೆಗೆ ಬಂದ 90 ದಿನಗಳೊಳಗೆ. ಸೊಂಟದ ಆಪರೇಷನ್ ಆದವರಿಗೆ ಹೆಪ್ಪು ತಡೆಯುವ ಔಷಧವನ್ನು 35 ದಿನಗಳವರೆಗೂ ಕೊಡುವುದು ಅದಕ್ಕಾಗಿ. ಈ ತಾಯಿಯ ಡಿಸ್ಚಾರ್ಜ್ ಕಾಗದದಲ್ಲಿ ಕ್ಯಾಲ್ಸಿಯಂ ಇತ್ತು, ಗ್ಯಾಸಿನ ಮಾತ್ರೆ ಇತ್ತು, ಹೆಪ್ಪು ತಡೆಯುವ ಔಷಧ ಮಾತ್ರ ಇರಲಿಲ್ಲ. ಬರೆಯದೆ ಬಿಟ್ಟ ಡಾಕ್ಟರರ ಮೇಲೂ ನನಗೆ ಸಿಟ್ಟಿದೆ. ಬಿಲ್ಲು ಕಟ್ಟುವ ಮೊದಲು ನೀವೇ ಕೇಳಿ, ‘ಹೆಪ್ಪಾಗದ ಹಾಗೆ ಔಷಧ ಉಂಟಾ, ಎಷ್ಟು ದಿನ?’ ರಕ್ತಸ್ರಾವದ ಅಪಾಯ ಇರುವವರಿಗೆ ಕೊಡುವುದಿಲ್ಲ. ಹಾಗಿದ್ದರೆ ಕಾರಣ ಹೇಳಲಿ.

ಕಾಲು ಊದದೆಯೇ ನೇರ ಉಸಿರಾಟಕ್ಕೆ ಬರುವುದೂ ಉಂಟು. ಆಸ್ಪತ್ರೆಯಿಂದ ಬಂದವರಿಗೆ ಇದ್ದಕ್ಕಿದ್ದಂತೆ ಏದುಸಿರು, ಉಸಿರು ಎಳೆದಾಗ ಎದೆಯಲ್ಲಿ ಚುಚ್ಚು, ಕೆಮ್ಮಿದಾಗ ರಕ್ತ, ತಲೆ ತಿರುಗಿ ಬೀಳುವುದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಗ್ಯಾಸ್ ಎಂದು ಓಮದ ನೀರು ಕುಡಿಸಿ ಬೆಳಗಾಗಲಿ ಎಂದು ಕಾಯಬೇಡಿ.

ಬೆಳ್ಳುಳ್ಳಿ, ಶುಂಠಿ, ಲಿಂಬೆ ರಸ ಕುದಿಸಿ ಕುಡಿದರೆ ಹೆಪ್ಪು ಕರಗುತ್ತದೆಂದು ವಾಟ್ಸಾಪಿನಲ್ಲಿ ಬಂದಿದೆ.

ಕರಗುವುದಿಲ್ಲ. ಮುಂದಕ್ಕೆ ಕಳಿಸಬೇಡಿ.

ಊದಿದ ಕಾಲಿಗೆ ಜಿಗಣೆ ಬಿಡಿಸಬಹುದೇ?

ಜಿಗಣೆ ಹೀರುವುದು ಚರ್ಮದ ರಕ್ತ, ಹೆಪ್ಪು ಇರುವುದು ಆಳದಲ್ಲಿ. ಹೆಪ್ಪಿನ ಔಷಧ ತೆಗೆದುಕೊಳ್ಳುವವರಿಗೆ ಆ ಗಾಯದ ರಕ್ತ ನಿಲ್ಲಿಸುವುದೇ ಇನ್ನೊಂದು ಕೆಲಸವಾಗುತ್ತದೆ.

ಮಗಳಿಗೆ ಸಿಸೇರಿಯನ್ ಆಗಿದೆ. ಬಾಳಂತಿ 40 ದಿನ ಹಾಸಿಗೆ ಬಿಟ್ಟು ಏಳಬಾರದು, ನೀರು ಹೆಚ್ಚು ಕುಡಿಯಬಾರದು ಎಂದು ಅತ್ತೆಯವರು ಹೇಳುತ್ತಾರೆ. – ಉಡುಪಿ

ಹೆರಿಗೆಯ ನಂತರ ಹೆಪ್ಪಿನ ಭಯ ಹೆಚ್ಚಿರುವುದು ಮೊದಲ ಆರು ವಾರ, ಅಂದರೆ ಹೆಚ್ಚುಕಡಿಮೆ ಅದೇ 40 ದಿನ. ಅದೇ ದಿನಗಳಲ್ಲಿ ಮಲಗಿಸಿ, ನೀರು ಕಡಿಮೆ ಮಾಡಿದರೆ ರಕ್ತ ನಿಂತಲ್ಲೇ ನಿಂತು ಮಂದವಾಗುತ್ತದೆ. ಸಿಸೇರಿಯನ್ ಆದವರಿಗೆ ಭಯ ಇನ್ನೂ ಹೆಚ್ಚು. ಬಿಸಿನೀರಿನ ಸ್ನಾನ, ಬಾಳಂತಿ ಲೇಹ್ಯ, ಮನೆಗೆಲಸದಿಂದ ಬಿಡುವು, ಇವುಗಳ ಬಗ್ಗೆ ನನ್ನ ತಕರಾರಿಲ್ಲ. ಅತ್ತೆಯವರ ಕಾಳಜಿ ಸುಳ್ಳಲ್ಲ. ಆದರೆ ಮಗಳು ದಿನಕ್ಕೆ ನಾಲ್ಕಾರು ಸಲ ಎದ್ದು ಮನೆಯೊಳಗೆ ನಡೆಯಲಿ, ಬಾಯಾರಿದಷ್ಟು ನೀರು ಕುಡಿಯಲಿ. ಒಂದು ಕಾಲು ಮಾತ್ರ ಊದಿದರೆ ಆ ದಿನ ಎಣ್ಣೆ ಸ್ನಾನವಿಲ್ಲ, ಆಸ್ಪತ್ರೆ.

ಹೆಪ್ಪಾಗದ ಹಾಗೆ ಹೊಟ್ಟೆಗೆ ಕೊಡುವ ಇಂಜೆಕ್ಷನ್ ಹಂದಿಯಿಂದ ಮಾಡಿದ್ದು ಎಂದು ಕೇಳಿದೆವು. ನಿಜವೇ?

ನಿಜ. ಹೆಪಾರಿನ್, ಎನಾಕ್ಸಪರಿನ್ ಎರಡನ್ನೂ ಸಾಮಾನ್ಯವಾಗಿ ಹಂದಿಯ ಕರುಳಿನ ಒಳಪದರದಿಂದ ತಯಾರಿಸುತ್ತಾರೆ. ಇದನ್ನು ರೋಗಿಗೆ ಮೊದಲೇ ತಿಳಿಸಬೇಕು, ಕೇಳಿದವರನ್ನು ಗದರಿಸುವುದು ತಪ್ಪು. ಫೋಂಡಪಾರಿನಕ್ಸ್ ಎಂಬ ಇಂಜೆಕ್ಷನ್ ಪೂರ್ತಿ ಪ್ರಯೋಗಾಲಯದಲ್ಲಿ ತಯಾರಾದದ್ದು, ಕೆಲವರಿಗೆ ಮಾತ್ರೆಯೂ ಆಗುತ್ತದೆ. ಮೂತ್ರಪಿಂಡ ಹೇಗಿದೆ ಎಂದು ನೋಡಿ ವೈದ್ಯರು ಬದಲಿಸುತ್ತಾರೆ. ನೀವಾಗಿ ನಿಲ್ಲಿಸಬೇಡಿ.

ಚುಚ್ಚಿದಲ್ಲಿ ನೀಲಿಯಾಗುತ್ತದೆ ಎಂದು ಇವರೇ ಕೇಳಿದ್ದಾರೆ. ಹೊಕ್ಕುಳಿನಿಂದ ಎರಡು ಇಂಚು ದೂರದಲ್ಲಿ ಚರ್ಮ ಎತ್ತಿ ಹಿಡಿದು ಚುಚ್ಚಬೇಕು, ದಿನಾ ಬದಿ ಬದಲಿಸಬೇಕು, ಆಮೇಲೆ ಆ ಜಾಗವನ್ನು ಉಜ್ಜಬಾರದು. ಉಜ್ಜಿದಷ್ಟೂ ನೀಲಿ ಹೆಚ್ಚು.

ಹೆಪ್ಪು ತಡೆಯುವ ವಾರ್ಫರಿನ್ ಮಾತ್ರೆ ಶುರುವಾಗಿದೆ. ಇನ್ನು ಬಸಳೆ ತಿನ್ನಲೇಬಾರದೇ?

ತಿನ್ನಿ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಯ ಬಲ ಕುಗ್ಗಿಸುತ್ತದೆ, ಅದು ಸರಿ. ಹಾಗೆಂದು ಸೊಪ್ಪನ್ನೇ ಬಿಡಬೇಕಿಲ್ಲ. ವಾರಕ್ಕೆ ಎರಡು ಸಲ ಬಸಳೆ ಗಸಿ ತಿನ್ನುವ ಮನೆಯಾದರೆ ಎರಡು ಸಲವೇ ಇರಲಿ, ಒಂದು ವಾರ ಬುಟ್ಟಿಗಟ್ಟಲೆ, ಮರುವಾರ ಏನೂ ಇಲ್ಲ ಎಂದಾಗಬಾರದು. ಅದಕ್ಕೆ ಹೊಂದಿಸಿ ಮಾತ್ರೆಯ ಪ್ರಮಾಣ ನಿಗದಿ ಮಾಡುವುದು ನಮ್ಮ ಕೆಲಸ. ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದರ ಅಳತೆ) ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು, ಹೇಳಿದ ದಿನ ರಕ್ತ ಕೊಡಲು ಬನ್ನಿ. ನನಗೆ ಹೆದರಿಕೆ ಬಸಳೆಯದ್ದಲ್ಲ, ಗಂಟುನೋವಿಗೆಂದು ಅಂಗಡಿಯಿಂದ ಕೇಳಿ ತರುವ ನೋವಿನ ಮಾತ್ರೆಯದ್ದು. ವಾರ್ಫರಿನ್ ಜೊತೆ ಅದು ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು. ಮಲ ಡಾಂಬರಿನಂತೆ ಕಪ್ಪಾದರೆ ಅವತ್ತೇ ಬನ್ನಿ, ಮಾತ್ರೆಯ ಚೀಟಿ ಮರೆಯದೆ ತನ್ನಿ.